ಎಪ್ಪತ್ತು–ಸೊನ್ನೆಯಲ್ಲಿ ಗೆದ್ದು ಸೋತದ್ದು

ಕಾಲೇಜು ಅಮೆರಿಕನ್ ಫುಟ್‌ಬಾಲ್ ಶ್ರೇಯಾಂಕ ಸಮಿತಿಯ ಮಾನ್ಯ ಅಧ್ಯಕ್ಷರೇ,

ಇವತ್ತು ಬೆಳಿಗ್ಗೆ ನಮ್ಮ ಮನೆಯ ಮೆಟ್ಟಿಲ ಮೇಲೆ ಒಂದು ತಗಡಿನ ಟ್ರೇ ಇತ್ತು. ನಮ್ಮದೇ ಟ್ರೇ. ತೊಳೆದು, ಒರೆಸಿ, ಬೋರಲು ಹಾಕಿ ಇಟ್ಟಿದ್ದರು. ಅದರ ಒಂದು ಮೂಲೆಯಲ್ಲಿ ನಾನು ಹುಟ್ಟುವ ಮೊದಲಿನಿಂದಲೂ ಸುಟ್ಟ ಸಕ್ಕರೆಯ ಕಲೆಯೊಂದು ಅಂಟಿಕೊಂಡಿತ್ತು. ಅದನ್ನೂ ತಿಕ್ಕಿ ತೆಗೆದಿದ್ದರು. ಕಳಿಸಿದವರು ಪಕ್ಕದ ಊರು ಗ್ರೇಟನ್‌ನಲ್ಲಿರುವ ನನ್ನ ಸೋದರತ್ತೆ ಬ್ಲಾಂಚ್. ಹೋದ ತಿಂಗಳು ಅಮ್ಮ ಅದರ ತುಂಬ ಹಣ್ಣಿನ ಹೂರಣದ ಕೊಲಾಚೆ ಬನ್ನು ಹಾಕಿ ಅವರಿಗೆ ಕಳಿಸಿದ್ದಳು. ನೆಬ್ರಾಸ್ಕಾದ ಈ ಭಾಗದಲ್ಲಿ ಯಾರೂ ಯಾರ ಪಾತ್ರೆಯನ್ನೂ ಖಾಲಿ ವಾಪಸು ಕೊಡುವುದಿಲ್ಲ. ಏನೂ ಇಲ್ಲದಿದ್ದರೆ ಎರಡು ಟೊಮೆಟೊ ಆದರೂ ಇಡುತ್ತಾರೆ. ಅತ್ತೆ ಏನೂ ಇಟ್ಟಿರಲಿಲ್ಲ.

ಆ ಖಾಲಿ ಟ್ರೇಗೆ ಹೊಣೆ ನೀವು. ಇಪ್ಪತ್ತಾರು ವರ್ಷ ವಿಲೋಫೋರ್ಡ್ ಕಾಲೇಜಿನ ಫುಟ್‌ಬಾಲ್ ತಂಡಕ್ಕೆ ಕೋಚ್ ಆಗಿದ್ದ ನನ್ನ ತಂದೆ ಲೆಲಂಡ್ ಕುಚೆರಾ ಅವರ ಕೆಲಸ ಹೋದದ್ದಕ್ಕೂ ಹೊಣೆ ನೀವೇ. ಮಗಳಾದ್ದರಿಂದ ಹೀಗೆ ಬರೆಯುತ್ತಾಳೆ ಎಂದು ನಿಮಗನ್ನಿಸಬಹುದು. ಅನ್ನಿಸಲಿ. ಆದರೆ ಪತ್ರವನ್ನು ಕೊನೆಯವರೆಗೂ ಓದಿ. ನಿಮ್ಮ ಕಚೇರಿಯಲ್ಲಿ ಕೊನೆಯವರೆಗೆ ಓದುವ ಅಭ್ಯಾಸ ಇಲ್ಲವೆಂದು ನನಗೆ ಈಚೆಗೆ ತಿಳಿಯಿತು, ಅದಕ್ಕಾಗಿ ಮೊದಲೇ ಕೇಳಿಕೊಳ್ಳುತ್ತಿದ್ದೇನೆ.

ನಾನು ಸಾಹಿತ್ಯ ಓದಿದವಳು. ವಾರದ ದಿನಗಳಲ್ಲಿ ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ. ಶನಿವಾರ ಮೈದಾನದ ಮೇಲಿನ ಗಾಜಿನ ಕೋಣೆಯಲ್ಲಿ ಕೂತು ಪ್ರತಿ ಆಟದ ಅಂಕಿಗಳನ್ನು ನಿಮ್ಮ ಕಚೇರಿಯ ಗಣಕಕ್ಕೆ ಕಳಿಸುವ ಕೆಲಸ. ಯಾರು ಚೆಂಡು ಕೈಯಲ್ಲಿ ಹಿಡಿದು ಓಡಿದ, ಎಷ್ಟು ಗಜ, ಯಾರು ಕೆಡವಿದ. ನಾಲ್ಕು ಜನರ ಎದುರು ಬಾಯಿ ಬಿಡಲು ಹೆದರುವವಳಿಗೆ ಇದಕ್ಕಿಂತ ಹಿತವಾದ ಜಾಗ ಸಿಗದು. ಎಲ್ಲವನ್ನೂ ನೋಡಬಹುದು, ಯಾರೂ ನಮ್ಮನ್ನು ನೋಡುವುದಿಲ್ಲ. ಈ ವಿಷಯದಲ್ಲಿ ನಾವಿಬ್ಬರೂ ಒಂದೇ, ಅಧ್ಯಕ್ಷರೇ. ವ್ಯತ್ಯಾಸ ಇಷ್ಟೇ: ನನ್ನ ಗಾಜಿನಿಂದ ಮೈದಾನ ಕಾಣುತ್ತದೆ.

ನಮ್ಮದು ಎಂಟು ಸಣ್ಣ ಕಾಲೇಜುಗಳ ಒಕ್ಕೂಟ. ಇಲ್ಲಿ ಬರೆದಿಡದ ಒಂದು ನಿಯಮವಿದೆ. ಕೊನೆಯ ಕಾಲು ಭಾಗದ ಆಟದಲ್ಲಿ ಒಂದು ತಂಡ ಇಪ್ಪತ್ತೆಂಟು ಅಂಕ ಮುಂದಿದ್ದರೆ, ಸೋಲುತ್ತಿರುವ ಕೋಚ್ ತನ್ನ ಟೋಪಿ ತೆಗೆದು ನಿಲ್ಲುತ್ತಾನೆ. ಅದನ್ನು ನೋಡಿ ಗೆಲ್ಲುತ್ತಿರುವ ಕೋಚ್ ಕೂಡ ಟೋಪಿ ತೆಗೆಯುತ್ತಾನೆ. ಅಲ್ಲಿಗೆ ಆಟ ಮುಗಿದ ಹಾಗೆ. ಗೆಲ್ಲುವವರು ತಮ್ಮ ಮುಖ್ಯ ಆಟಗಾರರನ್ನು ಕೂರಿಸಿ ಹೊಸಬರನ್ನು ಇಳಿಸುತ್ತಾರೆ, ಚೆಂಡನ್ನು ದೂರ ಎಸೆಯುವುದಿಲ್ಲ, ನಡುವಿನಲ್ಲೇ ಓಡಿ ಬಿದ್ದು ಎದ್ದು ಸಮಯ ಕಳೆಯುತ್ತಾರೆ. ನಂತರ ಎರಡೂ ತಂಡದವರು ಚರ್ಚಿನ ನೆಲಮಾಳಿಗೆಯಲ್ಲಿ ಒಂದೇ ಮೇಜಿಗೆ ಕೂತು ಚಿಲಿ ಸಾರು, ದಾಲ್ಚಿನ್ನಿ ಬನ್ನು ತಿನ್ನುತ್ತಾರೆ. ಎಪ್ಪತ್ತು ಅಂಕ ಹೊಡೆದವನ ಪಕ್ಕದಲ್ಲಿ ಕೂತು ಯಾರಿಗೂ ಬನ್ನು ಇಳಿಯುವುದಿಲ್ಲ ಎಂಬುದು ನಮ್ಮ ಹಿರಿಯರಿಗೆ ಗಣಕವಿಲ್ಲದೆಯೇ ಗೊತ್ತಿತ್ತು.

ಇದು ನಿಮ್ಮ ಲೆಕ್ಕಕ್ಕೆ ಹೇಗೆ ಬರುತ್ತದೆ? ಗಣಕಕ್ಕೆ ಟೋಪಿ ಕಾಣುವುದಿಲ್ಲ. ಅದಕ್ಕೆ ಕಾಣುವುದು, ವಿಲೋಫೋರ್ಡ್‌ನವರು ಕೊನೆಯ ಕಾಲು ಭಾಗದಲ್ಲಿ ಸೊನ್ನೆ ಅಂಕ ಗಳಿಸಿದರು, ಗಜಗಳು ಕುಸಿದವು ಎಂಬುದಷ್ಟೇ. ನಮ್ಮ ಒಕ್ಕೂಟದ ಬಗ್ಗೆ ನಿಮ್ಮ ಸಮಿತಿ ಎರಡು ವರ್ಷದ ಹಿಂದೆ ಪ್ರಕಟಿಸಿದ ಒಂದು ಸಾಲು ನನಗೆ ಬಾಯಿಪಾಠವಾಗಿದೆ: "ಈ ತಂಡಗಳಲ್ಲಿ ಆಟದ ಕೊನೆಯ ಹಂತದಲ್ಲಿ ದೈಹಿಕ ಕ್ಷಮತೆಯ ಕೊರತೆ ಕಂಡುಬರುತ್ತದೆ." ಅಪ್ಪ ಅದನ್ನು ಕತ್ತರಿಸಿ ಫ್ರಿಜ್ಜಿಗೆ ಅಂಟಿಸಿ ಒಂದು ವಾರ ನಕ್ಕರು. ಆಗ ನಗಬಹುದಿತ್ತು.

ಈ ಆಗಸ್ಟ್‌ನಲ್ಲಿ ಕಾಲೇಜಿನ ಮುಖ್ಯಸ್ಥರು ಅಪ್ಪನನ್ನು ಕರೆದು, ಈ ವರ್ಷ ನಿಮ್ಮ ಪಟ್ಟಿಯ ಮೊದಲ ಹದಿನಾರರೊಳಗೆ ಬಂದು ರಾಷ್ಟ್ರಮಟ್ಟದ ಆಟಗಳಿಗೆ ಹೋಗದಿದ್ದರೆ ಬೇರೆ ಕೋಚ್ ನೋಡುತ್ತೇವೆ ಎಂದರು. ಹುಡುಗರು ಆಡಿದರು, ಒಕ್ಕೂಟದ ಹೊರಗಿನ ಒಂದನ್ನು ಬಿಟ್ಟು ಎಲ್ಲ ಆಟ ಗೆದ್ದರು. ಕೊನೆಯ ವಾರಕ್ಕೆ ಬಂದಾಗ ನಾವು ಸರಿಯಾಗಿ ಹದಿನಾರನೆಯವರು. ಉಳಿದಿದ್ದದ್ದು ಗ್ರೇಟನ್ ಜೊತೆಗಿನ ಆಟ. ಗ್ರೇಟನ್‌ನ ಕೋಚ್ ಆರಿನ್ ವಾಸೆಕ್. ನನ್ನ ಬ್ಲಾಂಚ್ ಅತ್ತೆಯ ಗಂಡ, ಅಪ್ಪನ ಭಾವ.

ಆ ವಾರದ ಬುಧವಾರ ನೀವು ಫೋನ್ ಮಾಡಿದಿರಿ. ಅಂಚಿನಲ್ಲಿರುವ ತಂಡಗಳ ಕೋಚ್‌ಗಳೊಂದಿಗೆ ಮಾತಾಡುವುದನ್ನು ನೀವು ಪಾರದರ್ಶಕತೆ ಎನ್ನುತ್ತೀರಿ. ಅಪ್ಪನ ಕೈಯಲ್ಲಿ ಹಿಟ್ಟಿತ್ತು, ಫೋನನ್ನು ಅಡುಗೆ ಮೇಜಿನ ಮೇಲೆ ಜೋರಾಗಿ ಕೇಳಿಸುವಂತೆ ಇಟ್ಟಿದ್ದರು. ಆದ್ದರಿಂದ ನಾನೂ ಅಮ್ಮನೂ ಪಾರದರ್ಶಕತೆಯನ್ನು ಕಿವಿಯಾರೆ ಕೇಳಿದೆವು.

"ಕೋಚ್, ನಿಮ್ಮ ಹುಡುಗರು ಚೆನ್ನಾಗಿ ಆಡ್ತಾರೆ, ಇಲ್ಲ ಅನ್ನಲ್ಲ. ಆದ್ರೆ ನಿಮ್ಮ ಒಕ್ಕೂಟ ಇದೆಯಲ್ಲ, ಅದೇ ಭಾರ. ನಿಮ್ಮನ್ನ ಕೆಳಕ್ಕೆ ಎಳೀತಿದೆ."

"ಏನು ಮಾಡ್ಬೇಕು ಅಂತೀರಿ ಸರ್?"

"ನಾನು ಏನೂ ಮಾಡಿ ಅನ್ನಲ್ಲ. ಹಾಗೆ ಹೇಳೋದು ತಪ್ಪಾಗುತ್ತೆ. ಅಂತರ ಮಾತಾಡುತ್ತೆ, ಅಷ್ಟೇ ಹೇಳ್ತೀನಿ."

"ಎಷ್ಟು ಅಂತರ?"

"ನಮಗೆ ಇಲ್ಲೀವರೆಗೂ ಕೇಳಿಸೋ ಅಷ್ಟು," ಎಂದು ನೀವು ನಕ್ಕಿರಿ. ಒಳ್ಳೆಯ ನಗು, ಅಧ್ಯಕ್ಷರೇ. ಹೊಟ್ಟೆ ತುಂಬಿದವರ ನಗು.

ನೀವು ಫೋನ್ ಇಟ್ಟ ಮೇಲೆ ಅಮ್ಮ ಪಾತ್ರೆ ತೊಳೆಯುತ್ತಲೇ ಹೇಳಿದಳು: "ಸಾರಿಗೆ ಉಪ್ಪು ಎಷ್ಟು ಅಂತ ಕೇಳಿದ್ರೂ ಈ ಮನುಷ್ಯ ಹೀಗೇ ಹೇಳ್ತಾನೇನೋ." ಅಪ್ಪ ನಗಲಿಲ್ಲ.

ಆ ಶನಿವಾರಕ್ಕೆ ಹೋಗುವ ಮೊದಲು ನಿಮ್ಮ "ಒಕ್ಕೂಟದ ಬಲ" ಎಂಬ ಅಂಕಿಯ ಬಗ್ಗೆ ಎರಡು ಮಾತು. ಎಂಟು ಜನ ಒಂದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಎತ್ತರ ಅಳೆದುಕೊಂಡರೆ ಅವರಲ್ಲಿ ಯಾರು ಉದ್ದ, ಯಾರು ಗಿಡ್ಡ ಎಂದು ತಿಳಿಯುತ್ತದೆ. ಪಕ್ಕದ ಕೋಣೆಯವರಿಗಿಂತ ಉದ್ದವೋ ಗಿಡ್ಡವೋ ತಿಳಿಯಬೇಕಾದರೆ ಯಾರಾದರೂ ಹೊರಗೆ ಹೋಗಿ ಅವರ ಬೆನ್ನಿಗೆ ಬೆನ್ನು ಹಚ್ಚಿ ನಿಲ್ಲಬೇಕು. ನಮ್ಮ ಒಕ್ಕೂಟದ ಪ್ರತಿ ತಂಡವೂ ವರ್ಷಕ್ಕೆ ಹೊರಗೆ ಆಡುವುದು ಒಂದೇ ಆಟ, ಅದೂ ಸೆಪ್ಟೆಂಬರಿನಲ್ಲಿ. ಉಳಿದದ್ದೆಲ್ಲ ನಮ್ಮನಮ್ಮೊಳಗೆ, ಒಬ್ಬರು ಗೆದ್ದರೆ ಇನ್ನೊಬ್ಬರು ಸೋಲಲೇಬೇಕು. ಅಂದರೆ ದಶಮಾಂಶದ ಮೂರು ಸ್ಥಾನದವರೆಗೆ ನೀವು ಘೋಷಿಸುವ ನಮ್ಮೆಲ್ಲರ ಬಲ ಎಂಟು ಆಟಗಳ ಮೇಲೆ ನಿಂತಿದೆ. ಅದರಲ್ಲೊಂದು ಗ್ರೇಟನ್‌ನವರು ಒಕ್ಲಹೋಮಾಕ್ಕೆ ಹೋಗಿ ಆಡಿದ್ದು. ಇಡೀ ರಾತ್ರಿ ಬಸ್ಸಿನಲ್ಲಿ ಹೋಗಿ, ದಾರಿಯ ಪೆಟ್ರೋಲ್ ಬಂಕಿನಲ್ಲಿ ಮೊಟ್ಟೆಯ ಸ್ಯಾಂಡ್‌ವಿಚ್ ತಿಂದು, ಮುಂದಿನ ಸಾಲಿನ ದಢೂತಿ ಹುಡುಗರೆಲ್ಲ ಆಟದ ಮಧ್ಯೆ ಬಕೆಟ್ ಹುಡುಕಿಕೊಂಡು ಓಡಿದ್ದರು. ದೊಡ್ಡ ಅಂತರದಲ್ಲಿ ಸೋತರು. ನಿಮ್ಮ ಗಣಕದಲ್ಲಿ ಮೊಟ್ಟೆಗೆ ಕಾಲಂ ಇಲ್ಲ. ಹಾಗಾಗಿ ಆ ಮೊಟ್ಟೆಯ ವಾಸನೆ ಸೆಪ್ಟೆಂಬರಿನಿಂದ ನವೆಂಬರ್‌ವರೆಗೆ ನಮ್ಮ ಎಂಟೂ ಕಾಲೇಜುಗಳಿಗೆ ಅಂಟಿಕೊಂಡಿತ್ತು.

ಇನ್ನು ನೀವು ಬಂದಿರುವ ದೊಡ್ಡ ಒಕ್ಕೂಟದ ಕತೆ. ಅಲ್ಲಿಯ ತಂಡ ಗೆದ್ದರೆ ಅದು ಬಲಿಷ್ಠ. ಸೋತರೆ ಅದನ್ನು ಸೋಲಿಸಿದ್ದು ಬಲಿಷ್ಠ, ಆದ್ದರಿಂದ ಆ ಸೋಲು ಗೌರವದ ಸೋಲು. ಅದು ಯಾಕೆ ಬಲಿಷ್ಠ? ಬಲಿಷ್ಠರೊಡನೆ ಆಡುತ್ತದೆ. ಅವರು ಯಾಕೆ ಬಲಿಷ್ಠರು? ಇದರೊಡನೆ ಆಡುತ್ತಾರೆ. ನಾನು ನಾಲ್ಕು ವರ್ಷ ಕಟ್ಟುಕತೆಗಳನ್ನೇ ಓದಿದವಳು. ಇಷ್ಟು ಬಿಗಿಯಾದದ್ದನ್ನು ಓದಿರಲಿಲ್ಲ. ಅದೇ ನಮ್ಮಲ್ಲಿ ಒಬ್ಬರು ಸೋತರೆ? ಸೋತವರೂ ದುರ್ಬಲರು, ಅಂಥವರನ್ನು ಸೋಲಿಸಿದವರೂ ದುರ್ಬಲರು.

ಈಗ ಶನಿವಾರ. ಕೊನೆಯ ಕಾಲು ಭಾಗ ಶುರುವಾದಾಗ ನಲವತ್ತೆರಡು–ಸೊನ್ನೆ. ಗಾಜಿನ ಕೋಣೆಯಲ್ಲಿ ನನ್ನ ಪಕ್ಕ ಕೂತು ದುರ್ಬೀನಿನಲ್ಲಿ ಆಟಗಾರರ ಸಂಖ್ಯೆ ನೋಡಿ ಹೇಳುವವರು ಮರ್ಲಿನ್ ಸೂಕಪ್, ನಿವೃತ್ತ ಅಂಚೆಯಣ್ಣ. ಆಚೆ ಬದಿಯಲ್ಲಿ ಆರಿನ್ ಮಾವ ಟೋಪಿ ತೆಗೆದರು. ಅವರ ತಲೆ ಪೂರ್ತಿ ಬೋಳು. ಉತ್ತರದ ಗಾಳಿ ಬೀಸುತ್ತಿತ್ತು. ನಾನು ಬೆರಳುಗಳನ್ನು ಸಡಿಲ ಬಿಟ್ಟೆ. ಈಚೆ ಬದಿಯಲ್ಲಿ ಅಪ್ಪ ಟೋಪಿ ತೆಗೆಯಲಿಲ್ಲ.

"ಏ ಲಿಬಿ, ನಿಮ್ಮಪ್ಪಂಗೆ ಆಚೆ ಕಡೆ ಕಾಣಿಸ್ತಿಲ್ವಾ?" ಎಂದರು ಮರ್ಲಿನ್.

"ಕಾಣಿಸುತ್ತೆ," ಎಂದೆ.

ನಮ್ಮ ಮುಖ್ಯ ಆಟಗಾರರೇ ಇಳಿದರು. ಮೊದಲ ಎಸೆತವೇ ಉದ್ದದ್ದು. ನಲವತ್ತೊಂಬತ್ತು.

"ಮರ್ತಿರ್ಬೇಕು ಬಿಡು," ಎಂದರು ಮರ್ಲಿನ್. ಐವತ್ತಾರು ಆದಾಗ ದುರ್ಬೀನು ಕೆಳಗಿಟ್ಟು, "ಮರ್ತಿಲ್ಲ," ಎಂದರು. ಆಮೇಲೆ ಅವರು ಸಂಖ್ಯೆಗಳನ್ನು ಬಿಟ್ಟು ಬೇರೆ ಮಾತಾಡಲಿಲ್ಲ. ಕೆಳಗೆ ನಮ್ಮ ಜನವೂ ಚಪ್ಪಾಳೆ ನಿಲ್ಲಿಸಿದ್ದರು. ಅರವತ್ಮೂರು ಆದಾಗ ಬ್ಲಾಂಚ್ ಅತ್ತೆ ಎದ್ದು ನಿಂತು ಕಾಲಿನ ಮೇಲಿದ್ದ ಕಂಬಳಿಯನ್ನು ಮೂಲೆಗೆ ಮೂಲೆ ಸರಿಯಾಗಿ ಹಿಡಿದು, ನಿಧಾನವಾಗಿ ಮಡಚಿ, ಮೈದಾನದ ಕಡೆ ನೋಡದೆ ಮೆಟ್ಟಿಲಿಳಿದು ಹೋದರು. ಆರಿನ್ ಮಾವ ಮಾತ್ರ ಆ ಇಡೀ ಕಾಲು ಭಾಗ ಬರಿತಲೆಯಲ್ಲಿ ನಿಂತಿದ್ದರು. ಮತ್ತೆ ಟೋಪಿ ಹಾಕಿಕೊಂಡಿದ್ದರೆ ಅಪ್ಪನಿಗೆ ಕ್ಷಮೆ ಸಿಕ್ಕಂತಾಗುತ್ತಿತ್ತೇನೋ, ಹಾಕಿಕೊಳ್ಳಲಿಲ್ಲ. ಅವರ ಹುಡುಗರಲ್ಲಿ ಒಬ್ಬ ಕೊನೆಯ ಏಳು ಅಂಕವೂ ಬಿದ್ದ ಮೇಲೆ ಅಂಕಣದ ಗೆರೆಯ ಮೇಲೆ ಕೂತು ಬೂಟಿನ ಲೇಸು ಬಿಚ್ಚತೊಡಗಿದ. ಆಟ ಇನ್ನೂ ನಡೆಯುತ್ತಿತ್ತು. ಇದನ್ನೆಲ್ಲ ಬರೆಯಲು ನೀವು ನನಗೆ ಯಾವ ಗುಂಡಿಯನ್ನೂ ಕೊಟ್ಟಿಲ್ಲ, ಅಧ್ಯಕ್ಷರೇ. ನಾನು ಬರೆದದ್ದು: ಎಪ್ಪತ್ತು–ಸೊನ್ನೆ.

ಅಂಕಿಗಳ ಹಾಳೆ ಕೊಡಲು ಕೆಳಗೆ ಹೋದಾಗ ಇಬ್ಬರೂ ಕೈ ಕುಲುಕುತ್ತಿದ್ದರು.

"ಭಾವ, ಹುಡುಗರನ್ನ ಕರ್ಕೊಂಡು ಊಟಕ್ಕೆ ಬನ್ನಿ," ಎಂದರು ಅಪ್ಪ.

"ಹುಡುಗರಿಗೆ ಹಸಿವಿಲ್ಲ ಕಣಯ್ಯ. ಎಪ್ಪತ್ತು ತಿಂದಿದಾರೆ."

"ಭಾವ, ನನ್ನ ಪರಿಸ್ಥಿತಿ ನಿಮಗೆ..."

"ಗೊತ್ತು. ಬುಧವಾರ ಫೋನ್ ಬಂದಿದ್ದೂ ಗೊತ್ತು. ಒಂದು ಮಾತು ನಂಗೇ ಹೇಳಿದ್ರೆ ಆಗ್ತಿತ್ತಲ್ಲ ಲೆಲಂಡ್? ಟೋಪಿ ಮನೇಲೇ ಬಿಟ್ಟು ಬರ್ತಿದ್ದೆ. ತೆಗೆದು ಕಾಯೋದು ತಪ್ತಿತ್ತು."

ನೆಲಮಾಳಿಗೆಯಲ್ಲಿ ಎರಡು ದೊಡ್ಡ ಹಂಡೆ ಚಿಲಿ ಸಾರು ಇತ್ತು. ನಮ್ಮ ಹುಡುಗರು ಮೇಜಿನ ಒಂದು ಬದಿಯಲ್ಲಿ ಮಾತ್ರ ಕೂತು, ಎದುರಿನ ಖಾಲಿ ಕುರ್ಚಿಗಳನ್ನು ನೋಡುತ್ತಾ ತಿಂದರು.

ಭಾನುವಾರ ನಿಮ್ಮ ಪಟ್ಟಿ ಬಂತು. ನಾವು ಹದಿನೆಂಟನೆಯವರು. ಎಪ್ಪತ್ತು ಅಂಕದಿಂದ ಗೆದ್ದು ಎರಡು ಸ್ಥಾನ ಕೆಳಗಿಳಿದಿದ್ದೆವು. ಕಾರಣ, ನಿಮ್ಮದೇ ಸುಂದರ ಗದ್ಯದಲ್ಲಿ: "ಎದುರಾಳಿಗಳ ಬಲದಲ್ಲಿ ಕಂಡುಬಂದ ಇಳಿಕೆ." ಮಂಗಳವಾರ ಅಪ್ಪನಿಂದ ರಾಜೀನಾಮೆ ಬರೆಸಿಕೊಂಡರು.

ನಾನು ಫೋನಿನಲ್ಲಿ ಮಾತಾಡುವವಳಲ್ಲ. ಆದರೂ ಕೇಳಬೇಕಾದದ್ದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ನಿಮ್ಮ ಕಚೇರಿಯ ಅಂಕಿಅಂಶ ವಿಭಾಗಕ್ಕೆ ಫೋನ್ ಮಾಡಿದೆ. ತುಂಬ ಮರ್ಯಾದಸ್ಥ ಯುವಕನೊಬ್ಬ ಮಾತಾಡಿದ.

"ಗೆದ್ದವರಿಗೆ ಇಪ್ಪತ್ನಾಲ್ಕು ಅಂಕದ ಅಂತರದ ಮೇಲೆ ನಾವು ಏನೂ ಕೊಡಲ್ಲ ಮೇಡಂ. ಸುಮ್ನೆ ಚಚ್ಚೋರಿಗೆ ಲಾಭ ಆಗಬಾರದು ನೋಡಿ. ಕ್ರೀಡಾಮನೋಭಾವ."

"ಸೋತವರಿಗೆ?"

"ಸೋತವರಿಗೆ ಮಿತಿ ಇಲ್ಲ. ಎಷ್ಟು ಸೋತ್ರೋ ಅಷ್ಟೂ ಕಳೀತೀವಿ."

"ಅದ್ಯಾಕೆ ಹಾಗೆ?"

"ಇದುವರೆಗೂ ಯಾರೂ ಕೇಳಿರ್ಲಿಲ್ಲ ಮೇಡಂ."

"ಅಧ್ಯಕ್ಷರಿಗೆ ಇದು ಗೊತ್ತಿದೆಯಾ?"

"ಅವರು ಲೆಕ್ಕದವರಲ್ಲ, ಫುಟ್‌ಬಾಲ್‌ನವರು," ಎಂದ ಆತ, ಹೆಮ್ಮೆಯಿಂದಲೇ.

ನಿಮಗೇ ಗೊತ್ತಿಲ್ಲದ ನಿಮ್ಮ ಲೆಕ್ಕವನ್ನು ನಾನೇ ಬಿಡಿಸಿ ಹೇಳುತ್ತೇನೆ. ಇಪ್ಪತ್ನಾಲ್ಕರ ಮೇಲೆ ಹೊಡೆದ ಒಂದೊಂದು ಅಂಕದಿಂದಲೂ ನಮಗೆ ಸಿಕ್ಕಿದ್ದು ಏನೂ ಇಲ್ಲ. ಆದರೆ ಅದೇ ಒಂದೊಂದು ಅಂಕವೂ ಗ್ರೇಟನ್ ತಂಡವನ್ನು ತಳಕ್ಕೆ ತುಳಿಯಿತು. ಗ್ರೇಟನ್ ಕುಸಿದಾಗ ಅವರನ್ನು ಸೋಲಿಸಿದ್ದ ತಂಡಗಳ ಗೆಲುವು ಅಗ್ಗವಾಯಿತು. ಅವರಿಗೆ ಸೋತಿದ್ದವರ ಸೋಲು ಇನ್ನೂ ನಾಚಿಕೆಯದಾಯಿತು. ಅವರೆಲ್ಲರನ್ನೂ ಸೋಲಿಸಿದ್ದವರು ನಾವು. ಹಾಗಾಗಿ ನಮ್ಮ ಇಡೀ ವರ್ಷದ ಗೆಲುವುಗಳು ಒಂದು ಮಧ್ಯಾಹ್ನದಲ್ಲಿ ಸವೆದುಹೋದವು. ನಿಮ್ಮ ಜಾಲತಾಣದಲ್ಲಿ ಅಭಿಮಾನಿಗಳು ಆಟವಾಡಲೆಂದು ಒಂದು ಪುಟ ಇಟ್ಟಿದ್ದೀರಲ್ಲ, ಅಂಕ ಬದಲಾಯಿಸಿದರೆ ಸ್ಥಾನ ಎಷ್ಟಾಗುತ್ತಿತ್ತು ಎಂದು ತೋರಿಸುವಂಥದ್ದು? ಅದರಲ್ಲಿ ಎಪ್ಪತ್ತನ್ನು ಅಳಿಸಿ ನಲವತ್ತೆರಡು ಎಂದು ಹಾಕಿದೆ. ಅಂದರೆ ಅಪ್ಪ ಟೋಪಿ ತೆಗೆದಿದ್ದರೆ ಎಂದು.

ಹದಿನೈದನೆಯ ಸ್ಥಾನ.

ಅರ್ಥವಾಯಿತೇ, ಮಾನ್ಯರೇ? ನೀವು ಬುಧವಾರ ಫೋನ್ ಮಾಡದಿದ್ದರೆ ಸಾಕಿತ್ತು. ಇಪ್ಪತ್ತಾರು ವರ್ಷ ಮಾಡಿದ್ದನ್ನೇ ಆ ದಿನವೂ ಮಾಡಿದ್ದರೆ ಅಪ್ಪನ ಕೆಲಸವೂ ಉಳಿಯುತ್ತಿತ್ತು, ಅವರ ಅಕ್ಕನೂ ದೂರವಾಗುತ್ತಿರಲಿಲ್ಲ. ಒಬ್ಬ ಮನುಷ್ಯನಿಗೆ ಒಂದು ಕೆಟ್ಟ ಕೆಲಸ ಮಾಡು ಎಂದು ಸನ್ನೆ ಮಾಡಿದಿರಿ, ಮಾಡಿದ ಮೇಲೆ ಅದಕ್ಕೇ ಶಿಕ್ಷೆ ಕೊಟ್ಟಿರಿ. ಬೇಕೆಂದೇ ಮಾಡಿದ್ದರೆ ನಿಮ್ಮನ್ನು ದುಷ್ಟರು ಎಂದು ಗೌರವಿಸಬಹುದಿತ್ತು. ನೀವು ನಿಮ್ಮ ಯಂತ್ರದ ಹಿಡಿ ಯಾವ ಕಡೆ ತಿರುಗುತ್ತದೆ ಎಂದೂ ತಿಳಿಯದೆ ಅದರ ಪಕ್ಕದಲ್ಲಿ ಸೂಟು ಹಾಕಿಕೊಂಡು ನಿಂತಿದ್ದ ಮನುಷ್ಯ, ಅಷ್ಟೇ. ನಿಮ್ಮ ಕೆಲಸಕ್ಕೂ ಒಂದು ಶ್ರೇಯಾಂಕ ಇದ್ದಿದ್ದರೆ ನಿಮ್ಮೊಡನೆ ಆಡಿದ ಕಾರಣಕ್ಕೆ ನಾವೆಲ್ಲ ಇನ್ನೂ ಕೆಳಗಿಳಿಯುತ್ತಿದ್ದೆವು.

ನಿನ್ನೆ ಇದನ್ನು ಅಪ್ಪನಿಗೆ ಹೇಳಿದೆ. ಬೇಯಿಸಿದ ಮೊಟ್ಟೆ ಸುಲಿಯುತ್ತಿದ್ದವರು ನಿಲ್ಲಿಸಿದರು.

"ಹದಿನೈದಾ? ಖಂಡಿತಾನಾ?"

"ಹೂಂ ಅಪ್ಪ. ಮತ್ತೆ ಮತ್ತೆ ಹಾಕಿ ನೋಡ್ದೆ."

ಮೊಟ್ಟೆಯನ್ನು ಪೂರ್ತಿ ಸುಲಿದು, ಉಪ್ಪು ಹಾಕಿ, ತಿನ್ನದೆ ಇಟ್ಟರು. "ಅಕ್ಕಂಗೆ ಹೇಳ್ಬೇಡ ಲಿಬಿ. ನಾನು ಕೆಟ್ಟೋನು ಅಂತ ಅವಳಿಗೆ ಗೊತ್ತಾಗಿದೆ. ಪೆದ್ದ ಅಂತಾನೂ ಗೊತ್ತಾಗೋದು ಬೇಡ."

ಕ್ಷಮಿಸಿ ಅಪ್ಪ. ಅತ್ತೆಗೆ ಗೊತ್ತಾಗಲಿ, ಅದಕ್ಕೇ ಈ ಪತ್ರವನ್ನು ಎರಡೂ ಊರಿನವರು ಓದುವ ಪತ್ರಿಕೆಗೂ ಕೊಟ್ಟಿದ್ದೇನೆ. ಪೆದ್ದ ತಮ್ಮನನ್ನು ಅವರು ಇಂದಲ್ಲ ನಾಳೆ ಮನೆಗೆ ಕರೆಯಬಹುದು, ಕೆಟ್ಟವನನ್ನು ಕರೆಯಲಾರರು.

ನನ್ನ ಬೇಡಿಕೆ ಇಷ್ಟು. ನಮ್ಮನ್ನು ಹದಿನೆಂಟರಲ್ಲೇ ಬಿಡಿ, ನಮಗೆ ಅದು ಸರಿಯಾಗಿದೆ. ಆದರೆ ಗ್ರೇಟನ್‌ನ ಲೆಕ್ಕದಿಂದ ಆ ಕೊನೆಯ ಕಾಲು ಭಾಗವನ್ನು ತೆಗೆದುಹಾಕಿ. ಗೆದ್ದವರ ಲಾಭಕ್ಕೆ ಇರುವ ಮಿತಿಯನ್ನೇ ಸೋತವರ ನಷ್ಟಕ್ಕೂ ಹಾಕಿ. ಬುಧವಾರದ ಆ ಸಲಹೆ ನಿಮ್ಮದೇ ಎಂದು, ನಿಮ್ಮ ಸಮಿತಿಯ ಗದ್ಯ ಬರೆಯುವವರಿಂದಲ್ಲದೆ ನೀವೇ ಬರೆದು, ಆರಿನ್ ವಾಸೆಕ್ ಅವರಿಗೆ ಬಹಿರಂಗವಾಗಿ ತಿಳಿಸಿ. ನೀವು ಇದರಲ್ಲಿ ಯಾವುದನ್ನೂ ಮಾಡುವುದಿಲ್ಲ ಎಂದು ನನಗೆ ಗೊತ್ತು. ಇದನ್ನು ಊಹಿಸಲು ಗಣಕ ಬೇಕಿಲ್ಲ.

ಹೊಸ ಕೋಚ್ ಬರುತ್ತಾರೆ. ದೊಡ್ಡ ಅಂತರದಲ್ಲಿ ಗೆಲ್ಲುವ ಮನುಷ್ಯ ಎಂದು ಕಾಲೇಜಿನ ಮುಖ್ಯಸ್ಥರು ಆಗಲೇ ಹೇಳಿಕೊಂಡು ತಿರುಗುತ್ತಿದ್ದಾರೆ. ಅವರು ಟೋಪಿ ತೆಗೆಯುವವರಲ್ಲ. ಆದರೆ ಶನಿವಾರಗಳಂದು ಗಾಜಿನ ಹಿಂದೆ ಕೂರುವವಳು ಇನ್ನೂ ನಾನೇ. ಬರುವ ಸೆಪ್ಟೆಂಬರಿನಿಂದ ನಮ್ಮ ಮೈದಾನದಲ್ಲಿ ಕೊನೆಯ ಕಾಲು ಭಾಗದಲ್ಲಿ ಯಾರಾದರೂ ಇಪ್ಪತ್ತೆಂಟು ಅಂಕ ಮುಂದಿದ್ದು, ಎದುರಿನ ಕೋಚ್ ಬರಿತಲೆಯಲ್ಲಿ ನಿಂತರೆ, ನಾನು ಆಟ ಮುಗಿಯಿತು ಎಂಬ ಗುಂಡಿ ಒತ್ತುತ್ತೇನೆ. ಕೆಳಗೆ ಅವರು ಎಷ್ಟಾದರೂ ಹೊಡೆದುಕೊಳ್ಳಲಿ, ನಿಮಗೆ ಅದು ಬರುವುದಿಲ್ಲ. ಯಾರನ್ನೂ ಕೇಳಿಲ್ಲ. ಮರ್ಲಿನ್‌ಗೂ ಹೇಳಿಲ್ಲ, ಪತ್ರಿಕೆಯಲ್ಲಿ ಓದಿದಾಗಲೇ ಅವರಿಗೂ ತಿಳಿಯುತ್ತದೆ. ನನ್ನನ್ನು ಕೆಲಸದಿಂದ ತೆಗೆಯುವವರೆಗೂ ಹೀಗೇ ಮಾಡುತ್ತೇನೆ.

ಇಂತಿ,
ನಿಮಗೆ ಎಪ್ಪತ್ತನ್ನು ತಪ್ಪಿಲ್ಲದೆ ಬರೆದು ಕಳಿಸಿದ,
ಲಿಬಿ ಕುಚೆರಾ
ವಿಲೋಫೋರ್ಡ್, ನೆಬ್ರಾಸ್ಕಾ